ಬರೆಯೋದು ಒಂದು, ತೋರಿಸೋದು ಇನ್ನೊಂದು

ಪ್ರಶ್ನೆ: ಮೇಡಂ, ನನಗೆ 29 ವರ್ಷ. ದಾವಣಗೆರೆಯಲ್ಲಿ ಒಬ್ಬರು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ಇಡೀ ದಿನ ಬಿಲ್ಲು, ಟ್ಯಾಲಿ, ಜಿಎಸ್‌ಟಿ. ಕಾಲೇಜಿನಿಂದಲೂ ಬರಹಗಾರ್ತಿ ಆಗಬೇಕು ಅಂತ ಆಸೆ. ಇನ್‌ಸ್ಟಾಗ್ರಾಮ್‌ನಲ್ಲಿ ನಾಲ್ಕು ಸಾಲಿನ ಕವಿತೆ ಹಾಕ್ತೀನಿ, ಓದಿದ ಪುಸ್ತಕದ ಫೋಟೊ ಹಾಕ್ತೀನಿ, ಅದಕ್ಕೆ ಉದ್ದುದ್ದ ತಕರಾರು ಬರೆಯುವವರು ಒಬ್ಬರು ಇದ್ದಾರೆ. ಪ್ರತಿಲಿಪಿ ಆ್ಯಪ್‌ನಲ್ಲಿ ಶುರು ಮಾಡಿದ ಧಾರಾವಾಹಿ 17ನೇ ಕಂತಿಗೆ ನಿಂತಿದೆ; ಓದುಗರು ಕೇಳಿದ್ದಕ್ಕೆ ಅದರಲ್ಲಿ ಸಾಯಬೇಕಿದ್ದ ಸುಮಾಳನ್ನು 14ನೇ ಕಂತಿನಲ್ಲಿ ಬದುಕಿಸಿದ್ದೆ. ಭಾನುವಾರ ಸ್ವಲ್ಪ ಟೈಂಪಾಸ್‌ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದುತ್ತೀನಿ. ಇಷ್ಟೆಲ್ಲ ಮಾಡಿಯೂ ಇವತ್ತಿನವರೆಗೆ ಒಂದು ಕಥೆ ಪೂರ್ತಿ ಮುಗಿಸಿಲ್ಲ. ನಾನು ಬರಹಗಾರ್ತಿನಾ, ಇಲ್ಲ ಸುಮ್ನೆ ಹವ್ಯಾಸಿನಾ? ಈ ಆನ್‌ಲೈನ್ ಹವ್ಯಾಸ ಎಲ್ಲ ಬಿಟ್ಟುಬಿಡಬೇಕಾ? ದಿನಾ ಬರೀಲೇಬೇಕು ಅಂತಾರೆ, ನಿಜವಾ? ನನ್ನ ಒಂದು ಕವಿತೆಯನ್ನು ಯಾರೋ ತಮ್ಮ ಹೆಸರಲ್ಲಿ ಹಾಕಿಕೊಂಡಿದ್ದಾರೆ, ಏನು ಮಾಡಲಿ? ಎಐ ಕೈಲಿ ಕಥೆ ತಿದ್ದಿಸಬಹುದಾ? ಕಾವ್ಯನಾಮ ಇಟ್ಟುಕೊಳ್ಳಲಾ? ತುಂಬ ಮೆಚ್ಚುಗೆ ಬಂದ ಒಂದು ಕವಿತೆ, ಒಂದು ಅರ್ಧ ಕಥೆ ಲಗತ್ತಿಸಿದ್ದೀನಿ. ಈ ಪತ್ರ ಹೋದ ವಾರವೇ ಬರೀಬೇಕಿತ್ತು. ಜಿಎಸ್‌ಟಿ ರಿಟರ್ನ್ ಕಟ್ಟುವ 20ನೇ ತಾರೀಖು ಹತ್ತಿರ ಬಂದಿತ್ತು, ಮೇಲಾಗಿ ಒಬ್ಬ ಅಂಗಡಿ ಅಜ್ಜ ಬಿಸ್ಕತ್ ಡಬ್ಬಿ ತುಂಬ ಬಿಲ್ ತಂದು, ಒಂದೊಂದನ್ನೂ ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿ ಕೊಡ್ತಾ ಕೂತಿದ್ದರು. ಹಾಗಾಗಿ ತಡ ಆಯ್ತು, ಕ್ಷಮಿಸಿ.

ಉತ್ತರ: ಮೊದಲು ಹೇಳಿಬಿಡುತ್ತೇನೆ, ಯಾವ ಹವ್ಯಾಸವನ್ನೂ ಬಿಡಬೇಕಾಗಿಲ್ಲ. ಬಿಡಬೇಕಾದ್ದು ಒಂದು ಅಭ್ಯಾಸ ಮಾತ್ರ. ಮುಗಿಯದ್ದನ್ನು ತೋರಿಸುವ ಅಭ್ಯಾಸ. ನಿಮ್ಮ ಪತ್ರ, ಕವಿತೆ, ಅರ್ಧ ಕಥೆ ಮೂರನ್ನೂ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟೆ: ನೀವು ಬರೆಯುವ ಹೊತ್ತನ್ನೂ ತೋರಿಸುವ ಹೊತ್ತನ್ನೂ ಒಂದೇ ಮಾಡಿಕೊಂಡಿದ್ದೀರಿ. ಬರೆದ ಹತ್ತು ನಿಮಿಷಕ್ಕೆ ಅದು ಫೋನಿನಿಂದ ಆಚೆ ಹೋಗಿರುತ್ತದೆ. ನಾಲ್ಕು ಜನ ಹೃದಯ ಒತ್ತುತ್ತಾರೆ. ಅಲ್ಲಿಗೆ ಆ ವಿಷಯದ ಮೇಲಿನ ನಿಮ್ಮ ಹಸಿವು ತೀರಿತು. ಮರುದಿನ ಅದನ್ನೇ ಮತ್ತೆ ಹಿಡಿದು ತಿದ್ದಲು ಕಾರಣವೇ ಉಳಿಯುವುದಿಲ್ಲ.

ಬರಹಗಾರ್ತಿಯೋ ಹವ್ಯಾಸಿಯೋ ಅನ್ನೋ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಕನ್ನಡದಲ್ಲಿ ಬರೀ ಬರೆದು ಬದುಕಿದವರು ಕಡಿಮೆ. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿ. ಯಶವಂತ ಚಿತ್ತಾಲರು ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಜಯಂತ ಕಾಯ್ಕಿಣಿ ಅದೇ ಮುಂಬೈಯಲ್ಲಿ ಔಷಧ ಕಂಪನಿಯಲ್ಲಿ ಬಯೋಕೆಮಿಸ್ಟ್ ಆಗಿದ್ದರು. ತೇಜಸ್ವಿ ಮೂಡಿಗೆರೆ ಕಡೆ ಕಾಫಿ ತೋಟ ಮಾಡಿದರು. ಜೊತೆಗೆ ಮೀನು ಹಿಡಿಯುವುದು, ಹಕ್ಕಿ ಫೋಟೊ ತೆಗೆಯುವುದು ಬೇರೆ. ಅವರ ಬರವಣಿಗೆಯಿಂದ ಆ ಹವ್ಯಾಸಗಳನ್ನು ತೆಗೆದುಬಿಟ್ಟರೆ ಉಳಿಯುವುದು ಎಷ್ಟು, ನೀವೇ ಯೋಚಿಸಿ. ಎಂ.ಕೆ. ಇಂದಿರಾ ಕಾದಂಬರಿಗೆ ಕೈಹಾಕಿದ್ದೇ 40 ದಾಟಿದ ಮೇಲೆ. ನಿಮಗೆ ಇನ್ನೂ 29. ಅವಸರ ಪಡುವ ವಯಸ್ಸೇ ಅಲ್ಲ.

ಇನ್ನು ನಿಮ್ಮ ಕವಿತೆ. ಇಲ್ಲಿ ಸ್ವಲ್ಪ ನಿಲ್ಲೋಣ.

"ಅರ್ಧ ಕುಡಿದ ಚಹಾ
ತಣ್ಣಗಾಯಿತು ಮೇಜಿನ ಮೇಲೆ.
ಬಿಸಿ ಇದ್ದಾಗ
ಬೆಲೆ ಯಾರಿಗೂ ಗೊತ್ತಿರುವುದಿಲ್ಲ."

ಇದಕ್ಕೆ ತುಂಬ ಮೆಚ್ಚುಗೆ ಬಂತು ಅಂದಿದ್ದೀರಿ. ಬಂದೇ ಬರುತ್ತದೆ. ಕೊನೆಯ ಎರಡು ಸಾಲು ಯಾರಿಗೆ ಬೇಕಾದರೂ ಹೊಂದುತ್ತವೆ. ಗಂಡ ಮಾತಾಡಿಸದವರಿಗೂ ಸರಿ, ಆಫೀಸಲ್ಲಿ ಪ್ರಮೋಷನ್ ತಪ್ಪಿದವರಿಗೂ ಸರಿ. ಎಲ್ಲರಿಗೂ ಹೊಂದುತ್ತದೆ ಅಂದರೆ ಅದರಲ್ಲಿ ನೀವು ಇಲ್ಲ ಅಂತಲೇ ಅರ್ಥ. ನನಗೆ ಬೇಕಾಗಿದ್ದು ಮೊದಲಿನ ಎರಡು ಸಾಲು. ಆ ಚಹಾ ಯಾರದು? ಅರ್ಧಕ್ಕೆ ಯಾಕೆ ಬಿಟ್ಟರು? ಲೋಟದ ಅಂಚಿಗೆ ಕೆನೆ ಕಟ್ಟಿತ್ತಾ? ಅದನ್ನು ಯಾರು ಎತ್ತಿ ತೊಳೆದರು? ಇದರಲ್ಲಿ ಒಂದಕ್ಕೆ ಉತ್ತರ ಬಂದಿದ್ದರೂ ಕವಿತೆ ನಿಮ್ಮದಾಗುತ್ತಿತ್ತು.

ಇನ್‌ಸ್ಟಾಗ್ರಾಮ್‌ನ ಈ ಚೌಕದ ಕಾರ್ಡಿಗೆ ಒಂದು ಗುಣ ಇದೆ. ಅದು ಬೆರಳು ನಿಲ್ಲಿಸಬೇಕು. ಬೆರಳು ನಿಲ್ಲಬೇಕಾದರೆ ಕೊನೆಯಲ್ಲಿ ಒಂದು ನುಡಿಮುತ್ತು ಬೇಕು. ಅದನ್ನೇ ವರ್ಷಗಟ್ಟಲೆ ಬರೆದರೆ ಕೈಗೆ ಅದೇ ರೂಢಿ ಆಗುತ್ತದೆ. ನಿಮ್ಮ ಅರ್ಧ ಕಥೆಯಲ್ಲಿ ಆಗಿರುವುದು ಅದೇ. ಅಣ್ಣ ತಂಗಿ ಆಸ್ತಿ ಭಾಗದ ಮಾತಿಗೆ ಕೂತ ಜಾಗ ಬಹಳ ಚೆನ್ನಾಗಿ ಶುರುವಾಗುತ್ತದೆ. ಅಣ್ಣ ಪಹಣಿ ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತಾನೆ, ತಂಗಿ ನೋಡಿಯೂ ನೋಡದ ಹಾಗೆ ಇರುತ್ತಾಳೆ. ಅಲ್ಲಿಗೆ ಸಾಕು. ನೀವು ಅದರ ಕೆಳಗೆ, "ರಕ್ತ ಸಂಬಂಧಕ್ಕಿಂತ ಕಾಗದದ ಸಂಬಂಧ ಗಟ್ಟಿ" ಅಂತ ಸೇರಿಸಿದ್ದೀರಿ. ನೋಡಿದ ಓದುಗರಿಗೆ ಗೊತ್ತಾಗಿ ಹೋಗಿದೆ, ಮತ್ತೆ ಯಾಕೆ ಹೇಳುತ್ತೀರಿ? ಪತ್ರಿಕೆಯ ಕಥಾ ವಿಭಾಗದಲ್ಲಿ ಕೂತಿದ್ದ ವರ್ಷಗಳಲ್ಲಿ ನಾನು ಹೊಸಬರ ಕಥೆಗೆ ಮಾಡುತ್ತಿದ್ದ ಮೊದಲ ಕೆಲಸ ಅಂದರೆ ಪ್ರತಿ ಪ್ಯಾರಾದ ಕೊನೆಯ ವಾಕ್ಯಕ್ಕೆ ಪೆನ್ಸಿಲ್ ಗೆರೆ ಎಳೆಯುವುದು. ನೀವೂ ಒಮ್ಮೆ ಮಾಡಿ ನೋಡಿ. ಗೆರೆ ಎಳೆದ ಮೇಲೂ ಕಥೆ ಅರ್ಥ ಆದರೆ ಆ ವಾಕ್ಯ ಬೇಡ. ಅರ್ಥ ಆಗದಿದ್ದರೆ ಮಾತ್ರ ಇಟ್ಟುಕೊಳ್ಳಿ.

ಹಾಗಂತ ಇನ್‌ಸ್ಟಾಗ್ರಾಮ್ ಮುಚ್ಚಿ ಅನ್ನುತ್ತಿಲ್ಲ. ಅಲ್ಲಿ ನಿಮಗೆ ಗೆಳತಿಯರಿದ್ದಾರೆ, ಪುಸ್ತಕದ ಮಾತು ನಡೆಯುತ್ತದೆ. ದಾವಣಗೆರೆಯಲ್ಲಿ ಕೂತು ಮಂಗಳೂರಿನವರ ಜೊತೆ, ದುಬೈ ಕನ್ನಡಿಗರ ಜೊತೆ ಕಥೆ ಬಗ್ಗೆ ಮಾತಾಡೋ ಅವಕಾಶ ನಮ್ಮ ಕಾಲದಲ್ಲಿ ಎಲ್ಲಿತ್ತು? ಪುಸ್ತಕದ ಫೋಟೊ ಧಾರಾಳವಾಗಿ ಹಾಕಿ. ಓದಿ ಮುಗಿಸಿದ್ದನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಕವಿತೆ ಮಾತ್ರ ಬರೆದ ದಿನ ಹಾಕಬೇಡಿ. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಇಡಿ. ತಿಂಗಳ ಮೇಲೂ ಅದು ನಿಮಗೇ ಹಿಡಿಸಿದರೆ ಆಗ ಹಾಕಿ.

ಧಾರಾವಾಹಿ ವಿಷಯ ಬೇರೆ. ಪ್ರತಿಲಿಪಿಯಲ್ಲಿ ಬರೆಯೋದು ಅಂದರೆ ಕೀಳು ಅನ್ನುವವರ ಗುಂಪಿನಲ್ಲಿ ನಾನಿಲ್ಲ. ಕನ್ನಡದ ಎಷ್ಟೋ ಕಾದಂಬರಿಗಳು ಮೊದಲು ಬಂದಿದ್ದೇ ವಾರಪತ್ರಿಕೆಯಲ್ಲಿ ಕಂತು ಕಂತಾಗಿ. ಬಸ್‌ಸ್ಟ್ಯಾಂಡಿನಲ್ಲಿ ಸುಧಾ, ತರಂಗ ಕೊಂಡು ಮೊದಲು ಧಾರಾವಾಹಿ ಪುಟ ತೆಗೆಯುತ್ತಿದ್ದ ಓದುಗರೇ ಇವತ್ತು ಫೋನಿನಲ್ಲಿ ಕಂತು ಓದುತ್ತಿದ್ದಾರೆ. ಆದರೆ ಒಂದು ವ್ಯತ್ಯಾಸ ಇದೆ. ನಾನು ಕೆಲಸ ಮಾಡಿದ ಕಡೆ ಕಾದಂಬರಿ ಪೂರ್ತಿ ಕೈಗೆ ಬರದೆ ಮೊದಲ ಕಂತು ಅಚ್ಚಿಗೆ ಹೋಗುತ್ತಿರಲಿಲ್ಲ. ಓದುಗರ ಪತ್ರ ಬರುವ ಹೊತ್ತಿಗೆ ಕಥೆ ಆಗಲೇ ತೀರ್ಮಾನ ಆಗಿರುತ್ತಿತ್ತು. ನೀವು ಹಾಗಲ್ಲ. ಒಂದು ಕಂತು ಬರೆದು ಹಾಕಿ, ಕಾಮೆಂಟ್ ಓದಿ, ಮುಂದಿನದ್ದು ಬರೆಯುತ್ತೀರಿ. "ಪ್ಲೀಸ್ ಸುಮಾನ ಸಾಯಿಸಬೇಡಿ" ಅಂತ ಯಾರೋ ಕೇಳಿದ್ದಕ್ಕೆ 14ನೇ ಕಂತಿನಲ್ಲಿ ಸುಮಾ ಆಸ್ಪತ್ರೆಯಿಂದ ಎದ್ದು ಬಂದಳು ಅಂತ ನೀವೇ ಬರೆದಿದ್ದೀರಿ. 17ಕ್ಕೆ ಕಥೆ ನಿಲ್ಲದೆ ಇನ್ನೇನಾಗುತ್ತದೆ? ಸಾಯಬೇಕಾದವಳು ಬದುಕಿದರೆ ಅವಳಿಗೆ ಮಾಡಲು ಕೆಲಸ ಇರುವುದಿಲ್ಲ.

ಈಗ ಮಾಡಬೇಕಾದ್ದು ಹೀಗೆ. ಕೊನೆಯ ಕಂತನ್ನು ಮೊದಲು ಬರೆಯಿರಿ, ಯಾರಿಗೂ ತೋರಿಸಬೇಡಿ. ಆಮೇಲೆ 17ರಿಂದ ಅಲ್ಲಿಗೆ ಹೋಗುವ ದಾರಿ ಎಷ್ಟು ಕಂತು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಎಂಟೋ ಹತ್ತೋ ಆಗಬಹುದು. ಅಷ್ಟನ್ನೂ ಬರೆದು ಮುಗಿಸಿ. ಮುಗಿದ ಮೇಲೆ ವಾರಕ್ಕೊಂದರಂತೆ ಹಾಕುತ್ತಾ ಹೋಗಿ. ಓದುಗರು ಕಾಯುತ್ತಾರೆ, ಮರೆತವರಿಗೆ ಹೊಸ ಕಂತು ಬಂದರೆ ನೆನಪಾಗುತ್ತದೆ. ಇಷ್ಟು ಮಾಡಲು ಮನಸ್ಸೇ ಬರುತ್ತಿಲ್ಲವಾ? ಹಾಗಾದರೆ ಆ ಕಥೆ ನಿಮಗೆ ಬೇಡವಾಗಿದೆ. "ಇದನ್ನು ಇಲ್ಲಿಗೆ ನಿಲ್ಲಿಸಿದ್ದೇನೆ" ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳಿ. ಅದಕ್ಕೆ ತಪ್ಪಿತಸ್ಥ ಭಾವನೆ ಬೇಡ.

ನಿಮ್ಮ ಹವ್ಯಾಸಗಳಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ವಿಕಿಪೀಡಿಯ. ನೀವು ಅದನ್ನು "ಸ್ವಲ್ಪ ಟೈಂಪಾಸ್" ಅನ್ನೋ ಹಾಗೆ ಬರೆದಿದ್ದೀರಿ. ಅಲ್ಲ, ಅದು ನೀವು ಮಾಡುತ್ತಿರುವ ಅತಿ ಒಳ್ಳೆಯ ತಾಲೀಮು. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅಲ್ಲಿ ಬರೆಯೋಕೆ ಕೂತರೆ ಮೊದಲು ಬಿದ್ದು ಹೋಗುವುದೇ ವಿಶೇಷಣ. "ಸುಪ್ರಸಿದ್ಧ", "ಅದ್ಭುತ", "ಮಹಾನ್" ಅಂತ ಹಾಕಿದರೆ ಇನ್ನೊಬ್ಬರು ಬಂದು ತೆಗೆಯುತ್ತಾರೆ. ಒಂದು ಮಾತು ಹೇಳಿದರೆ ಆಧಾರ ಎಲ್ಲಿ ಅಂತ ಕೇಳುತ್ತಾರೆ. ಒಂದು ಕೆರೆ ಬಗ್ಗೆ ಬರೆಯಬೇಕಾದರೆ ಅದು ಯಾವ ತಾಲ್ಲೂಕು, ಕಟ್ಟಿಸಿದವರು ಯಾರು, ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕು. ಕಥೆಗಾರರಿಗೆ ಬೇಕಾದ್ದೂ ಇದೇ ಚಾಳಿ. ನನ್ನನ್ನು ಕೇಳಿದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಳೆಯ ಪುಸ್ತಕಗಳನ್ನು ಆನ್‌ಲೈನ್‌ಗೆ ತರುವ ವಿಕಿಸೋರ್ಸ್‌ಗೂ ಕೈಹಾಕಿ. ಹಳೆಯ ಪುಸ್ತಕದ ಸ್ಕ್ಯಾನ್ ಪುಟ ಒಂದು ಪಕ್ಕದಲ್ಲಿ, ಯಂತ್ರ ಓದಿ ಕೊಟ್ಟ ಅಕ್ಷರ ಇನ್ನೊಂದು ಪಕ್ಕದಲ್ಲಿ. ಎರಡನ್ನೂ ಹೋಲಿಸಿ ತಪ್ಪು ತಿದ್ದಬೇಕು. ಒತ್ತಕ್ಷರ ಎಲ್ಲಿ ಬಿತ್ತು, ದೀರ್ಘ ಎಲ್ಲಿ ಹೋಯ್ತು, ಅರ್ಕಾವತ್ತು ಯಾವ ಅಕ್ಷರದ್ದು ಅಂತ ನೋಡುತ್ತಾ ನೋಡುತ್ತಾ ಹಿಂದಿನವರ ವಾಕ್ಯ ಕಿವಿಗೆ ಇಳಿಯುತ್ತದೆ. ಸುಮ್ನೆ ಓದಿದರೆ ಇಷ್ಟು ಇಳಿಯುವುದಿಲ್ಲ.

ಎರಡು ಎಚ್ಚರಿಕೆ. ವಿಕಿಯ ಚರ್ಚಾಪುಟದ ಜಗಳಕ್ಕೆ ಕೂತರೆ ಭಾನುವಾರ ಮುಗಿದೇ ಹೋಗುತ್ತದೆ, ಅಲ್ಲಿಂದ ದೂರ ಇರಿ. ಮತ್ತೆ, ವಿಕಿಪೀಡಿಯಕ್ಕೆ ಬರೆದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೋಗುತ್ತದೆ. ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದು, ನೀವು ಆಮೇಲೆ ವಾಪಸ್ ಕೇಳುವ ಹಾಗಿಲ್ಲ. ನಿಮ್ಮ ಕಥೆಗಾಗಿ ಇಟ್ಟುಕೊಂಡ ವಾಕ್ಯವನ್ನು ಅಲ್ಲಿ ಖರ್ಚು ಮಾಡಬೇಡಿ.

ದಿನಾ ಬರೀಲೇಬೇಕಾ? ಇದು ಎಲ್ಲ ಕಮ್ಮಟದಲ್ಲೂ ಕೇಳುವ ಉಪದೇಶ. ನಿಮಗೆ ಅದು ಹೊಂದುವುದಿಲ್ಲ. ನಿಮ್ಮ ತಿಂಗಳು ಹೇಗಿದೆ ನೋಡಿ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ತಿಂಗಳ ಜಿಎಸ್‌ಟಿ ರಿಟರ್ನ್‌ಗಳ ಕೊನೆಯ ದಿನ. ತಿಂಗಳ ಮೊದಲ ವಾರದಿಂದ 20ರವರೆಗೆ ನಿಮ್ಮ ತಲೆ ತುಂಬ ಬೇರೆಯವರ ಲೆಕ್ಕ. ಆ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಕೂತು ಐನೂರು ಪದ ಬರೀತೀನಿ ಅಂತ ಹಟ ಹಿಡಿದರೆ ಬರವಣಿಗೆ ಮೇಲೇ ಸಿಟ್ಟು ಬರುತ್ತದೆ. ಹಾಗಾಗಿ 20ರವರೆಗೆ ಬರೆಯಬೇಡಿ. ನೋಡಿದ್ದು, ಕೇಳಿದ್ದು ಮಾತ್ರ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ದಿನಕ್ಕೆ ಒಂದು ಸಾಲು ಸಾಕು. 21ರಿಂದ ತಿಂಗಳ ಕೊನೆಯವರೆಗೆ ಬರೆಯಿರಿ, ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಒಂದು ಗಂಟೆ. ಆ ಗಂಟೆಯಲ್ಲಿ ಫೋನು ಬೇರೆ ಕೋಣೆಯಲ್ಲಿರಲಿ. ಜುಲೈ ಪೂರ್ತಿ ರಿಟರ್ನ್ಸ್ ಗಲಾಟೆ, ಸೆಪ್ಟೆಂಬರ್ ಆಡಿಟ್ ಗಲಾಟೆ. ಆ ಎರಡು ತಿಂಗಳು ಬರವಣಿಗೆಗೆ ರಜೆ ಅಂತಲೇ ಬರೆದಿಟ್ಟುಕೊಳ್ಳಿ. ತಾರೀಖು ಮುಂದಕ್ಕೆ ಹೋದರೆ ರಜೆಯೂ ಮುಂದಕ್ಕೆ ಹೋಗುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೀಗೆ ಮಾಡಿದರೂ ವರ್ಷಕ್ಕೆ ಎರಡು ಮೂರು ಕಥೆ ಆಗುತ್ತದೆ. ಎರಡು ಮೂರು ಒಳ್ಳೆಯ ಕಥೆ ಕಡಿಮೆ ಏನಲ್ಲ. ಹಾಸನದಲ್ಲಿ ವಕೀಲಿ ಮಾಡಿಕೊಂಡೇ ಬರೆದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಸಂಕಲನದಲ್ಲಿರುವುದು 12 ಕಥೆ. ಬರೆದದ್ದು 1990ರಿಂದ 2023ರ ನಡುವೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಅತಿ ಇಷ್ಟವಾದ ವಾಕ್ಯಕ್ಕೆ ಬರುತ್ತೇನೆ. ಅದು ಕವಿತೆಯಲ್ಲೂ ಇಲ್ಲ, ಕಥೆಯಲ್ಲೂ ಇಲ್ಲ. ತಡವಾಗಿದ್ದಕ್ಕೆ ಕ್ಷಮೆ ಕೇಳುವಾಗ ಬಂದಿದೆ. ಬಿಸ್ಕತ್ ಡಬ್ಬಿ ತುಂಬ ಬಿಲ್ ತಂದು, ಒಂದೊಂದನ್ನೂ ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿ ಕೊಡುವ ಅಜ್ಜ! ಯಾರಿಗೂ ತೋರಿಸಬೇಕು ಅಂತ ಬರೆದದ್ದಲ್ಲ ಅದು, ಅದಕ್ಕೇ ಅಷ್ಟು ಚೆನ್ನಾಗಿದೆ. ನೀವು ನಿಜವಾಗಿ ನೋಡಿದ್ದೀರಿ.

ಅದನ್ನೇ ಹಿಡಿದು ಕೂತುಕೊಳ್ಳಿ. ಡಬ್ಬಿ ಯಾವುದು? ಮುಚ್ಚಳ ಬಿಗಿಯಾಗಿ ಕೂರುತ್ತದಾ, ರಬ್ಬರ್‌ಬ್ಯಾಂಡ್ ಹಾಕಿದ್ದಾರಾ? ಅವರ ಅಂಗಡಿ ಚೌಕಿಪೇಟೆಯ ಒಳಗಿನದಾ, ಊರಾಚೆಯದಾ? ಮಗ ಇಲ್ಲವಾ, ಇದ್ದರೆ ಅವನೇ ವಾಟ್ಸಾಪಿನಲ್ಲಿ ಫೋಟೊ ಕಳಿಸಬಹುದಿತ್ತಲ್ಲ? ಇನ್ನೊಂದು, ನಿಮಗೆ ಖಂಡಿತ ಗೊತ್ತಿರುವ ವಿಷಯ. ಈಗಿನ ಬಿಲ್ಲುಗಳು ಬಹಳಷ್ಟು ಥರ್ಮಲ್ ಕಾಗದ. ಅದಕ್ಕೆ ಶಾಯಿ ಇಲ್ಲ, ಶಾಖಕ್ಕೆ ಕಪ್ಪಾಗುವ ಲೇಪ ಅಷ್ಟೆ. ಕೆಲವು ತಿಂಗಳಿಗೆ ಅಕ್ಷರ ಮಾಸಿ ಕಾಗದ ಬಿಳಿ ಆಗುತ್ತದೆ. ಉಜ್ಜಿದರೆ ಇನ್ನೂ ಬೇಗ. ಅಜ್ಜ ಅಷ್ಟು ಜೋಪಾನವಾಗಿ ಇಟ್ಟ ಒಂದು ಚೀಟಿಯಲ್ಲಿ ಏನೂ ಉಳಿದಿಲ್ಲ ಅಂತಿಟ್ಟುಕೊಳ್ಳಿ. ಅವರು, "ಎಲ್ಲಾ ಅದಾವೆ ನೋಡ್ರಮ್ಮ, ಒಂದೂ ಬಿಟ್ಟಿಲ್ಲ" ಅನ್ನುತ್ತಾರೆ. ಆ ಬಿಳಿ ಚೀಟಿ ಕೈಯಲ್ಲಿ ಹಿಡಿದ ಹುಡುಗಿ ಏನು ಮಾಡುತ್ತಾಳೆ? ಪಕ್ಕಕ್ಕೆ ಇಡುತ್ತಾಳಾ, ಮೊತ್ತ ಎಷ್ಟು ಅಂತ ಕೇಳುತ್ತಾಳಾ, ಅವರು ಬಾಯಲ್ಲೇ ಹೇಳಿದ ಮೊತ್ತವನ್ನು ನಂಬುತ್ತಾಳಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಕುರ್ಚಿಯಲ್ಲಿ ಕೂರುವವರು ನೀವು.

ಒಂದು ಮಾತು ಮರೆಯಬೇಡಿ. ಅವರು ನಿಮ್ಮ ಆಫೀಸಿನ ಗಿರಾಕಿ. ಅವರ ಅಂಗಡಿ ಹೆಸರು, ವ್ಯಾಪಾರ, ಅಂಕಿ ಯಾವುದೂ ಕಥೆಗೆ ಬರಕೂಡದು. ಕಿರಾಣಿ ಇದ್ದರೆ ಹೊಲಿಗೆ ಸಾಮಾನಿನ ಅಂಗಡಿ ಮಾಡಿ, ಬೀದಿ ಬದಲಿಸಿ, ವಯಸ್ಸು ಬದಲಿಸಿ. ಅಂಗೈ ಮಾತ್ರ ಬದಲಿಸಬೇಡಿ.

ಎಐ ಬಗ್ಗೆ ಕೇಳಿದ್ದೀರಿ. ಇದೇ ಉದಾಹರಣೆ ಸಾಕು. ಆ ಅಜ್ಜನ ಮಾತನ್ನು ತಿದ್ದಿಕೊಡು ಅಂದರೆ ಅದು "ಎಲ್ಲಾ ರಸೀದಿಗಳೂ ಇವೆ ಅಮ್ಮ, ಯಾವುದನ್ನೂ ಬಿಟ್ಟಿಲ್ಲ" ಅಂತ ಮಾಡಿಕೊಡಬಹುದು. ವ್ಯಾಕರಣಕ್ಕೆ ಏನೂ ಊನ ಇಲ್ಲ, ಆದರೆ ದಾವಣಗೆರೆ ಹೊರಟುಹೋಯಿತು. ಕಾಗುಣಿತದ ತಪ್ಪು ಹುಡುಕಲು ಬಳಸಿ, ಬೇಡ ಅನ್ನಲ್ಲ. ವಾಕ್ಯ ನೆಟ್ಟಗೆ ಮಾಡಿಸಲು ಬಳಸಬೇಡಿ. ಹೊಸಬರ ವಾಕ್ಯ ಸ್ವಲ್ಪ ಸೊಟ್ಟಗೇ ಇರಬೇಕು, ಅವರದೇ ದನಿ ಅನ್ನೋದು ಬೆಳೆಯುವುದು ಅಲ್ಲಿಂದ. ಮತ್ತೆ ಸ್ಪರ್ಧೆಗೆ ಕಳಿಸುವುದಾದರೆ ಈ ಬಗ್ಗೆ ನಿಯಮ ಏನಿದೆ ಅಂತ ಮೊದಲೇ ಓದಿಕೊಳ್ಳಿ.

ಕಥೆ ಮುಗಿದ ಮೇಲೆ ಎಲ್ಲಿಗೆ ಕಳಿಸೋದು? ಮಯೂರ, ತುಷಾರದಂಥ ಮಾಸಿಕಗಳಿವೆ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆ ದಶಕಗಳಿಂದ ನಡೆದುಬಂದದ್ದು, ಅಲ್ಲಿಂದ ಬೆಳಕಿಗೆ ಬಂದ ಕಥೆಗಾರರು ಬಹಳ ಜನ. ಆನ್‌ಲೈನ್‌ನಲ್ಲಿ ಕೆಂಡಸಂಪಿಗೆ ಅನ್ನೋ ಪತ್ರಿಕೆ ಇದೆ. ಹತ್ತು ಹನ್ನೆರಡು ಕಥೆ ಸೇರಿದ ಮೇಲೆ ಮೊದಲ ಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದವರು ಕೊಡುವ ಬಹುಮಾನ ಇದೆ. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ವಯಸ್ಸಿನ ಮಿತಿ ಇರುವುದರಿಂದ ಅರ್ಜಿ ಕರೆದಾಗ ಪ್ರಕಟಣೆ ಗಮನಿಸಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ. ಅದನ್ನೆಲ್ಲ ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ, ಗೊತ್ತಿರಲಿ ಅಂತ ಹೇಳಿದೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಬಹುತೇಕ ಸ್ಪರ್ಧೆಗಳು "ಎಲ್ಲೂ ಪ್ರಕಟವಾಗಿರಬಾರದು" ಅನ್ನುತ್ತವೆ. ಎಲ್ಲೂ ಅಂದರೆ ಬ್ಲಾಗ್, ಫೇಸ್‌ಬುಕ್, ಆ್ಯಪ್ ಎಲ್ಲ ಸೇರಿ. "ಬರೀ ಅರ್ಧ ಹಾಕಿದ್ದೆ", "ಡಿಲೀಟ್ ಮಾಡಿದ್ದೀನಿ" ಅಂತ ಆಮೇಲೆ ಹೇಳಿ ಪ್ರಯೋಜನ ಇಲ್ಲ. ತೀರ್ಪುಗಾರರಲ್ಲಿ ಒಬ್ಬರು ಓದಿದ್ದರೆ ಮುಗೀತು. ಮುಗಿಯದ್ದನ್ನು ತೋರಿಸಬೇಡಿ ಅಂತ ನಾನು ಹೇಳುವುದಕ್ಕೆ ಈ ಕಾರಣವೂ ಇದೆ. ಒಂದೇ ಕಥೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡಿ. ಪದಮಿತಿ ಮೀರಬೇಡಿ. ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಪೇಸ್ಟ್ ಮಾಡಿದರೆ ಆ ಕಡೆಯವರಿಗೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫೈಲನ್ನು ಬದಲಾಯಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಇಡೀ ಕಥೆ ಒಮ್ಮೆ ಓದಿ. ಸಂಪಾದಕರ ಮೇಜಿನ ಮೇಲೆ ಓದಲಾಗದ ಕಥೆಗೆ ಎರಡನೇ ಅವಕಾಶ ಸಿಗುವುದು ಕಷ್ಟ. ಗೌರವಧನದ ಲೆಕ್ಕ ಹಾಕಬೇಡಿ. ಕಥೆಯೊಂದಕ್ಕೆ ಬರುವ ದುಡ್ಡಿನಲ್ಲಿ ಮನೆ ನಡೆಯಲ್ಲ, ನಾಲ್ಕು ಪುಸ್ತಕ ಬರಬಹುದು.

ಕವಿತೆ ಕದ್ದವರ ವಿಷಯ. ಸಿಟ್ಟು ಬರುವುದು ಸಹಜ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಕೂಡಲೇ ಹಕ್ಕು ನಿಮ್ಮದು. ನಿಮ್ಮ ಜೀವಿತಕಾಲ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಬೇಕೇ ಬೇಕು ಅಂದರೆ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ನಾಲ್ಕು ಸಾಲಿಗೆ ಅಷ್ಟು ದೂರ ಹೋಗಬೇಡಿ. ನೀವು ಮೊದಲು ಹಾಕಿದ ತಾರೀಖು ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಇನ್‌ಸ್ಟಾಗ್ರಾಮ್‌ನಲ್ಲೇ ಕಾಪಿರೈಟ್ ದೂರಿನ ಫಾರಂ ಇದೆ, ತುಂಬಿ ಕಳಿಸಿ. ಕಾಮೆಂಟಿನಲ್ಲಿ ಜಗಳಕ್ಕೆ ಇಳಿಯಬೇಡಿ. ಕದ್ದವರಿಗೆ ಜನ ಸೇರಿದಷ್ಟೂ ಲಾಭ.

ಕಳ್ಳತನಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರುವುದು ನೀವೇ ಓದದೆ ಸಹಿ ಹಾಕುವ ಕಾಗದದ ಬಗ್ಗೆ. ಮುಂದೆ ನಿಮ್ಮ ಕಥೆಯನ್ನು ಆಡಿಯೊ ಮಾಡ್ತೀವಿ, ಕಿರುಚಿತ್ರ ಮಾಡ್ತೀವಿ ಅಂತ ಯಾರಾದರೂ ಬರಬಹುದು. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯಲ್ಲ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತೆಗೆದುಕೊಳ್ಳುತ್ತದೆ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಅಂತ. ಹಾಗಾಗಿ ಯಾವ ರೂಪಕ್ಕೆ, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ, ಎಷ್ಟು ದುಡ್ಡಿಗೆ ಅನ್ನುವುದನ್ನು ನೋಡದೆ ಸಹಿ ಹಾಕಬೇಡಿ. ಆ್ಯಪ್‌ಗಳ ನಿಯಮಗಳನ್ನೂ ಹಾಗೇ ಓದಿ. ಇಡೀ ದಿನ ಸಣ್ಣ ಅಕ್ಷರ ಓದುವವರು ನೀವು, ನಿಮ್ಮದನ್ನು ಓದಲು ಬೇಸರ ಮಾಡಿಕೊಳ್ಳಬೇಡಿ.

ತೋರಿಸಲೇಬಾರದಾ ಅಂತ ಕೇಳಬಹುದು. ತೋರಿಸಿ, ಒಬ್ಬರಿಗೆ. ನಿಮ್ಮನ್ನು ಇಷ್ಟಪಡುವವರಿಗಿಂತ ಓದುವ ಚಟ ಇರುವವರನ್ನು ಹುಡುಕಿ. "ಚೆನ್ನಾಗಿದೆ" ಅನ್ನುವವರಿಂದ ಉಪಯೋಗ ಇಲ್ಲ. "ಎರಡನೇ ಪುಟದಲ್ಲಿ ನಿದ್ದೆ ಬಂತು" ಅನ್ನುವವರು ಸಿಕ್ಕರೆ ಬಿಡಬೇಡಿ. ಎಲ್ಲಿ ನಿದ್ದೆ ಬಂತು ಅಂತ ಮಾತ್ರ ಕೇಳಿ, ಯಾಕೆ ಅಂತ ಕೇಳಬೇಡಿ. ಯಾಕೆ ಅನ್ನೋದನ್ನು ನೀವೇ ಕಂಡುಹಿಡಿಯಬೇಕು. ಪುಸ್ತಕದ ಫೋಟೊ ಹಾಕಿದಾಗ ಉದ್ದುದ್ದ ತಕರಾರು ಬರೆಯುವ ಒಬ್ಬರು ಇದ್ದಾರೆ ಅಂದಿದ್ದೀರಲ್ಲ, ಅವರನ್ನೇ ಕೇಳಿ ನೋಡಿ.

ಕೊನೆಗೆ ಕಾವ್ಯನಾಮ. ಇಟ್ಟುಕೊಳ್ಳಿ, ತೊಂದರೆ ಇಲ್ಲ. ಮಾಸ್ತಿ ‘ಶ್ರೀನಿವಾಸ’ ಆಗಿದ್ದರು, ಬೇಂದ್ರೆ ‘ಅಂಬಿಕಾತನಯದತ್ತ’. ಆಫೀಸಿನಲ್ಲಿ ಗೊತ್ತಾಗಬಾರದು ಅನ್ನೋ ಕಾರಣ ಇದ್ದರೆ ಇಟ್ಟುಕೊಳ್ಳುವುದೇ ಒಳ್ಳೆಯದು. ಸಂಪಾದಕರಿಗೆ ಕಳಿಸುವ ಮೇಲ್‌ನಲ್ಲಿ ಮಾತ್ರ ನಿಜವಾದ ಹೆಸರು, ವಿಳಾಸ, ಬ್ಯಾಂಕ್ ವಿವರ ಕೊಡಿ, ಪ್ರಕಟಿಸಬೇಕಾದ ಹೆಸರು ಇಂಥದ್ದು ಅಂತ ಬೇರೆಯಾಗಿ ಬರೆಯಿರಿ. ಗೌರವಧನ ಕಾವ್ಯನಾಮಕ್ಕೆ ಬಂದರೆ ಬ್ಯಾಂಕಿನವರು ಒಪ್ಪುವುದಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ ಬಿಡಿ.